ಪೈಲ್ವಾನ ಭರಮಪ್ಪ ಸಾಕು ಎಂದದ್ದು

“ಗುರುಗಳೇ, ಏನು ತಿಂದರೆ ಒಳ್ಳೆಯದು, ಏನು ತಿಂದರೆ ಕೆಡುಕು ಎಂದು ನನಗೆ ಗೊತ್ತಿದೆ. ಆದರೂ ಊಟಕ್ಕೆ ಕೂತಾಗ ಕೈ ಬೇಡದ ಕಡೆಗೇ ಹೋಗುತ್ತದೆ. ಈ ಬಾಯಿಯ ಆಸೆ ಹೋಗುವುದು ಹೇಗೆ?”

ನಿರಂಜನನೆಂಬ ಶಿಷ್ಯ ಹೀಗೆ ಕೇಳಿದ. ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಭರಮಪ್ಪ ಎಂಬ ಪೈಲ್ವಾನನಿದ್ದ. ಹರೆಯದಲ್ಲಿ ಅವನ ಬೆನ್ನು ಮಣ್ಣು ಮುಟ್ಟಿದ್ದನ್ನು ಕಂಡವರಿರಲಿಲ್ಲ. ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದ. ಅದಕ್ಕೆ ತಕ್ಕಂತೆ ಉಣ್ಣುತ್ತಿದ್ದ. ಬೆಳಗ್ಗೆ ಎದ್ದರೆ ಬೆಲ್ಲ, ತುಪ್ಪ ಬೆರೆಸಿದ ಒಂದು ತಂಬಿಗೆ ಹಾಲು ಕುಡಿಯಬೇಕು. ಮದುವೆಮನೆಯಲ್ಲಿ ಇಪ್ಪತ್ತೈದು ಹೋಳಿಗೆ ತಿಂದು, ಇನ್ನೂ ಇದೆಯೇ ಎಂದು ಕೇಳುತ್ತಿದ್ದ. ಅವನು ಉಣ್ಣುವುದನ್ನು ನೋಡಲೆಂದೇ ಜನ ಸುತ್ತ ನಿಲ್ಲುತ್ತಿದ್ದರು.

ಐವತ್ತು ದಾಟಿದ ಮೇಲೆ ಭರಮಪ್ಪ ಕುಸ್ತಿ ಬಿಟ್ಟ. ಧಾನ್ಯದ ಅಂಗಡಿಯಲ್ಲಿ ತೂಕ ನೋಡುವ ಕೆಲಸ ಹಿಡಿದ. ಬೆಳಗಿನಿಂದ ಸಂಜೆಯವರೆಗೆ ಕೂತೇ ಇರಬೇಕು. ಕುಸ್ತಿ ಬಿಟ್ಟನೇ ಹೊರತು ಕುಸ್ತಿಯ ಊಟವನ್ನು ಅವನು ಬಿಡಲಿಲ್ಲ. ಕಣದಲ್ಲಿ ಅವನನ್ನು ನೋಡಿದ್ದವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. ಪಂಕ್ತಿಯಲ್ಲಿ ಮಾತ್ರ ಅವನು ಇನ್ನೂ ಪೈಲ್ವಾನನೇ ಆಗಿದ್ದ. ಅದೊಂದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ.

ಒಂದು ದಿನ ಅವನ ಕಾಲಿನ ಹೆಬ್ಬೆರಳಿಗೆ ಕಲ್ಲು ತಾಗಿತು. ಸಣ್ಣ ಗಾಯ. ಅರಿಸಿನ ಹಚ್ಚಿ ಮರೆತ. ತಿಂಗಳಾದರೂ ಅದು ಮಾಯಲಿಲ್ಲ. ಪಾದ ಬಾತುಕೊಂಡಿತು. ಹೆಂಡತಿ ಕಲ್ಲವ್ವ ಬಲವಂತ ಮಾಡಿ ಅವನನ್ನು ವೈದ್ಯನ ಹತ್ತಿರ ಕರೆದೊಯ್ದಳು.

ವೈದ್ಯ ಗಾಯ ನೋಡಿದ. ಬಾಯಾರಿಕೆ ಹೆಚ್ಚೇ ಎಂದು ಕೇಳಿದ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತವೆಯೇ ಎಂದು ಕೇಳಿದ. ಭರಮಪ್ಪ ಎರಡಕ್ಕೂ ಹೌದೆಂದು ತಲೆಯಾಡಿಸಿದ.

“ಗಾಯ ತೊಳೆದು ಮದ್ದು ಹಾಕುತ್ತೇನೆ. ಅದು ಅರ್ಧ ಕೆಲಸ. ಉಳಿದರ್ಧ ನಿಮ್ಮ ತಟ್ಟೆಯಲ್ಲಿ ಆಗಬೇಕು, ಪೈಲ್ವಾನರೇ. ಇಲ್ಲವಾದರೆ ಕಾಲು ತೆಗೆಯಬೇಕಾಗುತ್ತದೆ” ಎಂದ ವೈದ್ಯ.

ಭರಮಪ್ಪ ಹಟಗಾರ. ಮನೆಗೆ ಬಂದವನೇ, ಇನ್ನು ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ ಎಂದ. ಕಲ್ಲವ್ವ ಅತ್ತಳು, ಬೇಡಿಕೊಂಡಳು. ಅವನು ಕೇಳಲಿಲ್ಲ. ಮೂರು ದಿನ ಹಾಗೇ ಇದ್ದ. ಊರವರು ಬಂದು ಭೇಷ್ ಎಂದರು. ನಾಲ್ಕನೆಯ ದಿನ ಕಲ್ಲವ್ವ ನೀರಿಗೆ ಹೋದಾಗ ಅಡುಗೆಮನೆಗೆ ಹೋದ. ಡಬ್ಬಿಯಲ್ಲಿದ್ದ ಬೆಲ್ಲದುಂಡೆ, ಗಡಿಗೆಯಲ್ಲಿದ್ದ ಹಾಲು, ಬುಟ್ಟಿಯಲ್ಲಿದ್ದ ರೊಟ್ಟಿ ಎಲ್ಲವನ್ನೂ ನಿಂತಲ್ಲೇ ಮುಗಿಸಿದ. ಅವಳು ಕೊಡ ಹೊತ್ತು ಬಂದಾಗ ಗೋಡೆಗೆ ಒರಗಿ ಕೂತಿದ್ದ. ಕಣ್ಣಲ್ಲಿ ನೀರಿತ್ತು. ಇಷ್ಟು ಜನರನ್ನು ಎತ್ತಿ ಒಗೆದವನು ಒಂದು ಗಡಿಗೆ ಹಾಲಿಗೆ ಸೋತೆನಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು.

ಕಲ್ಲವ್ವ ಕೊಡ ಇಳಿಸಿ ಅವನನ್ನು ಮತ್ತೆ ವೈದ್ಯನ ಹತ್ತಿರ ಕರೆದುಕೊಂಡು ಹೋದಳು.

ವೈದ್ಯ ಅವನನ್ನು ಬೈಯಲಿಲ್ಲ. “ಗರಡಿಗೆ ಸೇರಿದ ಮೊದಲ ದಿನ ಯಾರನ್ನು ಕೆಡವಿದಿರಿ?” ಎಂದು ಕೇಳಿದ.

“ಯಾರನ್ನು ಕೆಡವುವುದು? ಉಸ್ತಾದರು ಕೈಗೆ ಗುದ್ದಲಿ ಕೊಟ್ಟು ಮಣ್ಣು ಅಗೆಯಲು ಹೇಳಿದರು. ಆರು ತಿಂಗಳು ಅದೇ ಕೆಲಸ.”

“ಮತ್ತೆ ಇಲ್ಲಿ ಮೊದಲ ದಿನವೇ ಗದೆ ಹೊತ್ತು ಮೆರೆಯಬೇಕೆಂದರೆ ಆಗುತ್ತದೆಯೇ? ಉಪವಾಸ ಬೇಡ. ನಾಳೆ ಬೆಳಗ್ಗೆ ಹಾಲಿನ ಬದಲು ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ. ಈ ವಾರ ಅಷ್ಟೇ ಸಾಕು. ಮುಂದಿನದನ್ನು ಮುಂದೆ ನೋಡೋಣ.”

ಇಷ್ಟೇನಾ ಎಂದುಕೊಂಡ ಭರಮಪ್ಪ. ಆದರೆ ಮಾರನೆಯ ಬೆಳಗ್ಗೆ ಮಜ್ಜಿಗೆಯ ತಂಬಿಗೆ ಹಿಡಿದಾಗ ಅದು ಸುಲಭವಲ್ಲವೆಂದು ತಿಳಿಯಿತು. ಕುಡಿದ. ಮರುದಿನವೂ ಕುಡಿದ. ವಾರದ ಕೊನೆಗೆ ಅದು ಅಭ್ಯಾಸವಾಯಿತು. ಆಮೇಲೆ ಅನ್ನದ ರಾಶಿ ಇಳಿಯಿತು. ಎರಡು ಜೋಳದ ರೊಟ್ಟಿ, ತಟ್ಟೆ ತುಂಬ ಪುಂಡಿಸೊಪ್ಪಿನ ಪಲ್ಯ, ಮೊಳಕೆ ಬಂದ ಹೆಸರುಕಾಳು ಬಂದವು. ಪಲ್ಯ ಮುಗಿಯುವವರೆಗೆ ಕಲ್ಲವ್ವ ಎರಡನೆಯ ರೊಟ್ಟಿ ಹಾಕುತ್ತಿರಲಿಲ್ಲ. ಅಂಗಡಿಗೆ ಬಂದವರು ಶರಬತ್ತು ತರಿಸಿದರೆ ತನಗೆ ನೀರು ಕೇಳುತ್ತಿದ್ದ.

ತಪ್ಪಲಿಲ್ಲವೆಂದಲ್ಲ. ಯುಗಾದಿಯ ದಿನ ಶ್ಯಾವಿಗೆ ಪಾಯಸವನ್ನು ಮೂರು ಬಟ್ಟಲು ಕುಡಿದುಬಿಟ್ಟ. ಎಲ್ಲ ಹಾಳಾಯಿತು, ಇನ್ನು ಇವತ್ತು ಹೇಗೂ ತಿನ್ನೋಣ ಎಂದ. ಕಲ್ಲವ್ವ, “ಹಾಳಾಗಿದ್ದು ಒಂದು ಊಟ. ಸಂಜೆಗೆ ರೊಟ್ಟಿ ಬಡಿಯುತ್ತೇನೆ” ಎಂದಳು. ಸಂಜೆ ರೊಟ್ಟಿ ತಿಂದ. ಆವತ್ತಿನಿಂದ ತಪ್ಪಿದಾಗಲೆಲ್ಲ ನಾಳೆ, ಸೋಮವಾರ ಎಂದು ಮುಂದೆ ಹಾಕುವುದನ್ನು ಬಿಟ್ಟ. ಮುಂದಿನ ಊಟಕ್ಕೇ ಸರಿಹೋಗುತ್ತಿದ್ದ.

ಗಾಯ ಅಂಚಿನಿಂದ ಮಾಯತೊಡಗಿತು.

ಅಷ್ಟರಲ್ಲಿ ಅಂಗಡಿಯ ಯಜಮಾನನ ಮಗಳ ಮದುವೆ ಬಂತು. ಹೋಗದೆ ಇರುವಂತಿಲ್ಲ. ಭರಮಪ್ಪ ಪಂಕ್ತಿಯಲ್ಲಿ ಕೂತ ಕೂಡಲೇ ಜನ ಹಳೆಯದನ್ನು ನೆನೆದು ಸುತ್ತ ನಿಂತರು. ಮೊದಲು ಕೋಸಂಬರಿ ತಿಂದ. ಪಲ್ಯ ತಿಂದ. ಹೋಳಿಗೆ ಬಂತು. ಒಂದನ್ನು ಹಾಕಿಸಿಕೊಂಡು ನಿಧಾನವಾಗಿ ಚೂರು ಚೂರೇ ತಿಂದ. ಬಡಿಸುವ ಹೆಂಗಸು ಇನ್ನೂ ನಾಲ್ಕು ಎತ್ತಿ ಹಿಡಿದಿದ್ದಳು.

ಭರಮಪ್ಪ ಎಲೆಗೆ ಕೈ ಅಡ್ಡ ಹಿಡಿದ. “ಸಾಕು ತಂಗಿ.”

“ಯಾಕಣ್ಣಾ, ರುಚಿಯಾಗಿಲ್ಲವೇ?”

“ಬಹಳ ರುಚಿಯಾಗಿದೆ.”

ಹಿಂದಿನಿಂದ ಯಾರೋ, “ಪೈಲ್ವಾನರ ಕಾಲ ಮುಗಿಯಿತು ಬಿಡ್ರಪ್ಪಾ” ಎಂದರು. ನಗು ಎದ್ದಿತು. ಭರಮಪ್ಪನ ಕಿವಿ ಬಿಸಿಯಾದವು. ಒಂದು ಮಾತು ಹೇಳಿದ್ದರೆ ಎಲೆ ತುಂಬುತ್ತಿತ್ತು, ಆ ನಗು ಅಲ್ಲೇ ಚಪ್ಪಾಳೆಯಾಗುತ್ತಿತ್ತು.  ಆದರೂ ಅವನು ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಬಡಿಸುವವಳು ಮುಂದಕ್ಕೆ ಹೋದಳು. ನಿಂತಿದ್ದವರು ನೋಡಲು ಏನೂ ಇಲ್ಲವೆಂದು ಚದುರಿದರು. ಭರಮಪ್ಪ ಮಜ್ಜಿಗೆ ಕುಡಿದು, ಎದ್ದು ಕೈ ತೊಳೆದುಕೊಂಡ. ಜೀವಮಾನದಲ್ಲಿ ಎಷ್ಟೋ ಕುಸ್ತಿ ಗೆದ್ದಿದ್ದ. ಯಾರೂ ನೋಡದೆ ಗೆದ್ದದ್ದು ಅದೊಂದೇ. ಮನೆಗೆ ಹೋಗುವಾಗ ಅವನ ನಡಿಗೆ ಹಗುರವಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಯ ಪೂರ್ತಿ ಮಾಯಿತು. ಕಾಲು ಉಳಿಯಿತು. ಭರಮಪ್ಪ ಈಗ ದಿನಾ ಬೆಳಗ್ಗೆ ಗರಡಿಗೆ ನಡೆದು ಹೋಗಿ ಹೊಸಬರಿಗೆ ಪಟ್ಟು ಹೇಳಿಕೊಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನನ ಮುಖ ಅರಳಿತು.

“ಹಾಗಾದರೆ ಅವನ ಬಾಯಿಯ ಆಸೆ ಕೊನೆಗೂ ಹೋಯಿತಲ್ಲ, ಗುರುಗಳೇ?”

“ಎಲ್ಲಿ ಹೋಯಿತು? ಈಗಲೂ ದಿನಾ ಅವನ ಪಕ್ಕದಲ್ಲೇ ಊಟಕ್ಕೆ ಕೂರುತ್ತದೆ, ಬಡಿಸುವವನು ಮಾತ್ರ ಅವನು” ಎಂದರು ಗುರುಗಳು.