ಕೊನೆಯ ಗದ್ದೆಯವರೆಗೆ

"ಗುರುಗಳೇ, ಅಪ್ಪಣೆ ಅರಸನದು, ಕೈ ನನ್ನದು. ಪಾಪ ಯಾರದು?"

ಹೀಗೆ ಕೇಳಿದವನು ಕೆಂಚಣ್ಣ. ಅವನು ಅರಸನ ಪಡೆಯಲ್ಲಿ ಪಂಜು ಹಿಡಿಯುವವನು. ಹೊಳೆಯಾಚೆಯ ಊರಿಗೆ ಮರುದಿನ ಬೆಂಕಿ ಹಚ್ಚಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಗುರುವಿನ ಬಾಯಿಂದ ಒಂದು ಮಾತು ಕೇಳಿ ಹಗುರಾಗಿ ಹೊರಡೋಣವೆಂದು ಬಂದಿದ್ದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಪಾಪವನ್ನೂ ಪ್ರಸಾದದ ಹಾಗೆ ಹಂಚಿಕೊಳ್ಳಲು ಬಂದೆಯಾ? ಅರಸನಿಗೆ ದೊಡ್ಡ ಪಾಲು, ನಿನಗೊಂದು ಚೂರು? ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ನಾಡಿನಲ್ಲಿ ಒಂದು ದೊಡ್ಡ ಕೆರೆ ಇತ್ತು. ಆ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ತೂಬು ಇಳಿಸಿ ನೀರು ನಿಲ್ಲಿಸುವುದು ಅವನ ಕೆಲಸ. ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ತೂಬು ಎತ್ತುವ ಮುಂಚೆ ನೀರುಗಂಟಿ ಸನಿಕೆಯನ್ನು ಹೆಗಲಿಗಿಟ್ಟು ಕಾಲುವೆಯ ಗುಂಟ ಕೊನೆಯ ಗದ್ದೆಯವರೆಗೆ ನಡೆಯಬೇಕು. ನೀರು ಹೋಗಿ ಮುಟ್ಟುವ ಜಾಗದಲ್ಲಿ ಯಾರಿದ್ದಾರೆ, ಏನಿದೆ ಎಂದು ಕಣ್ಣಾರೆ ನೋಡಬೇಕು. ಅಲ್ಲಿ ನಿಂತವನಿಗೆ, ಇಂಥ ಹೊತ್ತಿಗೆ ನೀರು ಬಿಡುತ್ತೇನೆ ಎಂದು ಹೇಳಬೇಕು. ಆಮೇಲೆ ಮರಳಿ ಬಂದು ತೂಬಿಗೆ ಕೈ ಹಾಕಬೇಕು. ಮೂವತ್ತು ವರ್ಷ ಅವನು ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಯುದ್ಧ ಬಂತು. ಶತ್ರುವಿನ ಪಡೆ ಕೆರೆಯ ಕೆಳಗಿನ ತಗ್ಗು ಬಯಲಿನಲ್ಲಿ ಬೀಡುಬಿಟ್ಟಿತು. ಈ ನಾಡಿನ ದಳವಾಯಿ ತನ್ನ ಆಳುಗಳೊಂದಿಗೆ ಕೆರೆ ಏರಿಯ ಮೇಲೆ ಬಂದು ನಿಂತ. ಕೆರೆ ಕಂಠಮಟ್ಟ ತುಂಬಿತ್ತು. ಅಷ್ಟು ನೀರನ್ನು ತಡೆದು ಹಿಡಿದಿದ್ದದ್ದು ತೂಬಿನ ಒಂದು ಮರದ ಕೋಲು. ಅದನ್ನು ಪೂರ್ತಿ ಎತ್ತಿದರೆ ಬಯಲು ಮುಳುಗುತ್ತದೆ. ಹಾಗಾಗಿಯೇ ಅದನ್ನು ಯಾರೂ ಎಂದೂ ಪೂರ್ತಿ ಎತ್ತಿರಲಿಲ್ಲ.

"ಪೂರ್ತಿ ಎತ್ತು" ಎಂದ ದಳವಾಯಿ. "ನಿನ್ನ ತಮ್ಮನನ್ನು ಕೊಂದವರು ಅಲ್ಲಿ ಕೆಳಗೆ ಮಲಗಿದ್ದಾರೆ."

"ಎತ್ತುತ್ತೇನೆ ಸ್ವಾಮಿ. ತಮ್ಮನನ್ನು ಮಣ್ಣು ಮಾಡಿ ಇವತ್ತಿಗೆ ನಾಲ್ಕು ದಿನ. ನನ್ನ ರಕ್ತ ಕುದಿಯುತ್ತಿದೆ. ಆದರೆ ಕೊನೆಯ ಗದ್ದೆಯವರೆಗೆ ಹೋಗಿ ಬರಬೇಕು."

ದಳವಾಯಿ ನಕ್ಕ. "ಹೋಗು, ಹೋಗು. ಎಷ್ಟು ಮಂದಿ ಸಾಯುತ್ತಾರೆ ಎಂದು ಎಣಿಸಿಕೊಂಡೇ ಬಾ. ಆದರೆ ಅಲ್ಲಿ ಬಾಯಿ ಬಿಟ್ಟರೆ ನಿನ್ನ ತಲೆ ಉಳಿಯುವುದಿಲ್ಲ."

ನೀರುಗಂಟಿ ಸನಿಕೆ ಹೊತ್ತು ಇಳಿದ. ಸನಿಕೆ ಹೊತ್ತವನನ್ನು ಆ ಕಾಲದಲ್ಲಿ ಯಾವ ಪಡೆಯೂ ತಡೆಯುತ್ತಿರಲಿಲ್ಲ. ನೀರು ಎಲ್ಲರಿಗೂ ಬೇಕಾಗಿತ್ತು. ಅವನು ಹಲ್ಲು ಕಚ್ಚಿಕೊಂಡು ನಡೆದ. ಮಲಗಿದ್ದವರನ್ನು ನೋಡಿದ, ಉಣ್ಣುತ್ತಿದ್ದವರನ್ನು ನೋಡಿದ. ಅವನ ಸಿಟ್ಟು ಇಳಿಯಲಿಲ್ಲ.

ಕೊನೆಯ ಗದ್ದೆಯಲ್ಲಿ ಒಬ್ಬ ಶತ್ರು ಸೈನಿಕ ಬಗ್ಗಿ ಕೆಲಸ ಮಾಡುತ್ತಿದ್ದ. ಕುದುರೆಗಳು ತುಳಿದು ಒಡೆದಿದ್ದ ಬದುವಿಗೆ ಬರಿಗೈಯಲ್ಲಿ ಮಣ್ಣು ಮೆತ್ತುತ್ತಿದ್ದ. ಗದ್ದೆ ಅವನದಲ್ಲ, ನಾಡೂ ಅವನದಲ್ಲ. ಬಾಡುತ್ತಿದ್ದ ಪೈರನ್ನು ನೋಡಿ ಸುಮ್ಮನೆ ಕೂರಲು ಅವನಿಂದ ಆಗಿರಲಿಲ್ಲ. ಅವನು ಸನಿಕೆಯನ್ನು ನೋಡಿ ಎದ್ದು ನಿಂತ.

"ನೀರುಗಂಟಿಯಣ್ಣನಾ? ಒಳ್ಳೇ ಹೊತ್ತಿಗೆ ಬಂದೆ ನೋಡು. ನೆಲ ಬಾಯಿ ಬಿಡುತ್ತಿದೆ. ನೀರು ಯಾವಾಗ ಬಿಡುತ್ತೀಯ?"

ಹೇಳಿದರೆ ತಲೆ ಹೋಗುತ್ತದೆ. ಹೇಳದೆ ಹೇಗೆ ಎತ್ತುವುದು? ನೀರುಗಂಟಿ ಏನೂ ಹೇಳದೆ ತಿರುಗಿದ.

ಏರಿ ಹತ್ತಿ ಬಂದು ದಳವಾಯಿಯ ಮುಂದೆ ನಿಂತ. "ಸ್ವಾಮಿ, ನೀರು ಯಾವಾಗ ಎಂದು ಅಲ್ಲಿ ಒಬ್ಬ ಕೇಳಿದ. ಅವನಿಗೆ ಉತ್ತರ ಹೇಳದೆ ನಾನು ತೂಬು ಎತ್ತಲಾರೆ."

"ಎಲವೋ, ಅವನು ನಿನ್ನ ಶತ್ರು. ನಿನಗೆ ಅವನು ಏನಾಗಬೇಕು?"

"ಕೊನೆಯ ಗದ್ದೆಯಲ್ಲಿ ನಿಂತಿದ್ದಾನೆ. ಅಷ್ಟೇ."

ದಳವಾಯಿ ಕತ್ತಿ ಬೀಸಿದ. ನೀರುಗಂಟಿ ತೂಬಿನ ಕಲ್ಲಿನ ಮೇಲೆ ಬಿದ್ದು ಸತ್ತ.

"ಎತ್ತೋ" ಎಂದು ದಳವಾಯಿ ಹತ್ತಿರವಿದ್ದ ಒಬ್ಬ ಆಳಿಗೆ ಹೇಳಿದ.

ಆ ಆಳು ತೂಬನ್ನು ನೋಡಿದ. ಸತ್ತವನನ್ನು ನೋಡಿದ. ಈಟಿಯನ್ನು ನೆಲಕ್ಕಿಟ್ಟು, ಬಿದ್ದಿದ್ದ ಸನಿಕೆಯನ್ನು ಎತ್ತಿ ಹೆಗಲಿಗಿಟ್ಟುಕೊಂಡು ಏರಿಯಿಂದ ಇಳಿಯತೊಡಗಿದ.

"ಎಲ್ಲಿಗೆ?"

"ಹೋಗಿ ಬರುತ್ತೇನೆ ಸ್ವಾಮಿ. ಕೊನೆಯ ಗದ್ದೆಯವರೆಗೆ."

ದಳವಾಯಿ ಇನ್ನೊಬ್ಬನಿಗೆ ಹೇಳಿದ. ಇದ್ದದ್ದು ಒಂದೇ ಸನಿಕೆ. ಇವನು ಬರಿಗೈಯಲ್ಲಿ ಮೊದಲಿನವನ ಹಿಂದೆ ನಡೆದ. ಮೂರನೆಯವನಿಗೆ ಹೇಳುವ ಹೊತ್ತಿಗೆ ಅವನು ಆಗಲೇ ಏರಿಯನ್ನು ಅರ್ಧ ಇಳಿದಿದ್ದ. ಆಮೇಲೆ ಹೇಳಿಸಿಕೊಳ್ಳಲು ಯಾರೂ ಕಾಯಲಿಲ್ಲ. ಈಟಿಗಳು ಒಂದೊಂದಾಗಿ ಏರಿಯ ಮೇಲೆ ಮಲಗಿದವು. ಅಪ್ಪಣೆ ಮೀರುತ್ತೇವೆಂದು ಯಾರೂ ಕೂಗಲಿಲ್ಲ. ಎತ್ತುವುದಿಲ್ಲ ಎಂದು ಒಬ್ಬನೂ ಹೇಳಲಿಲ್ಲ. ನೋಡಿ ಬರುತ್ತೇವೆ ಎಂದಷ್ಟೇ ಹೇಳಿ, ಒಬ್ಬರ ಹಿಂದೆ ಒಬ್ಬರು ಕಾಲುವೆಯ ಗುಂಟ ನಡೆದರು. ಆಯುಧವಿಲ್ಲದೆ ಬರುತ್ತಿದ್ದ ಆ ಸಾಲನ್ನು ಕಂಡು ಶತ್ರುವಿನ ಪಡೆ ಎದ್ದು ನಿಂತಿತು. ಒಂದು ಬಾಣವೂ ಹಾರಲಿಲ್ಲ.

ಏರಿಯ ಮೇಲೆ ದಳವಾಯಿ ಒಬ್ಬನೇ ಉಳಿದ. ಹನ್ನೆರಡು ಯುದ್ಧ ಗೆದ್ದವನು ಅವನು. ಊರುಗಳನ್ನು ಸುಡಿಸಿದ್ದ, ಬಾವಿಗಳಿಗೆ ವಿಷ ಹಾಕಿಸಿದ್ದ. ಅವನ್ನೆಲ್ಲ ಮಾಡಿಸಿದ್ದನೇ ಹೊರತು ಊರಿಗಾಗಲಿ ಬಾವಿಗಾಗಲಿ ತಾನೇ ಕೈ ಹಾಕಿರಲಿಲ್ಲ. ಈಗ ಅವನು ತೂಬಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದ. ಮೂವತ್ತು ವರ್ಷ ಒಬ್ಬನೇ ಮನುಷ್ಯ ಹಿಡಿದು ಹಿಡಿದು ಅಲ್ಲಿ ಮರ ನುಣುಪಾಗಿತ್ತು. ಆ ಅಚ್ಚಿನಲ್ಲೇ ಅವನ ಬೆರಳುಗಳು ಕೂತವು. ಕೋಲಿನ ಅಡಿಯಲ್ಲಿ ಇಡೀ ಕೆರೆ ಮಿಡಿಯುವುದು ಅವನ ಅಂಗೈಗೆ ತಿಳಿಯಿತು.

ಬಿಸಿಲು ಇಳಿಯುವವರೆಗೂ ಅವನು ಹಾಗೆಯೇ ನಿಂತಿದ್ದ. ಆಮೇಲೆ ಕೈ ತೆಗೆದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೆಂಚಣ್ಣ ಕೇಳಿದ. "ಯುದ್ಧ ಅಲ್ಲಿಗೆ ನಿಂತಿತೇ, ಗುರುಗಳೇ?"

"ಎಲ್ಲಿಯ ನಿಲ್ಲುವುದು? ಅರಸರಿಗೆ ಬೇರೆ ದಳವಾಯಿಗಳು ಸಿಕ್ಕರು, ಬೇರೆ ಬಯಲುಗಳು ಸಿಕ್ಕವು. ಮುಂದಿನ ತಿಂಗಳು ಇನ್ನೆಲ್ಲೋ ಸಾವಿರ ಮಂದಿ ಸತ್ತರು. ಆ ಬಯಲಿನಲ್ಲಿ ಮಾತ್ರ ಆ ವರ್ಷ ಭತ್ತ ಬೆಳೆಯಿತು."

"ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ? ಪಾಪ ಅಪ್ಪಣೆ ಕೊಟ್ಟವನದೋ, ಎತ್ತಿದವನದೋ?"

ಗುರುಗಳು ಅವನ ಮಡಿಲಲ್ಲಿದ್ದ ಪಂಜನ್ನು ತೋರಿಸಿ ಕೇಳಿದರು:

"ನಾಳೆ ನೀನು ಸುಡುವ ಊರಿನ ಕೊನೆಯ ಮನೆಯವರೆಗೆ ಹೋಗಿ ಬಂದೆಯಾ?"