ಕತ್ತೆ ಹೊತ್ತ ಪಂಡಿತರು

ಕಿರುಗೋಡಿನ ಆಸ್ಥಾನದಲ್ಲಿ ಶಾರ್ಙ್ಗಧರ ಪಂಡಿತರಿಗಿಂತ ದೊಡ್ಡ ವೈಯಾಕರಣಿ ಬೇರೆ ಯಾರೂ ಇರಲಿಲ್ಲ. ಹಾಗೆಂದು ದಿನಾ ಹೇಳುತ್ತಿದ್ದವರೂ ಅವರೇ. ಅವರ ಹೆಸರನ್ನು ತಡವರಿಸದೆ ಹೇಳಲು ದೊರೆ ರಾಯಪ್ಪ ನಾಯಕನಿಗೂ ಬರುತ್ತಿರಲಿಲ್ಲ. ಸುಮ್ಮನೆ 'ಪಂಡಿತರೇ' ಅಂದು ಮುಗಿಸುತ್ತಿದ್ದ.

ಒಂದು ದಿನ ಪಂಡಿತರು ತುಂಬಿದ ಸಭೆಯಲ್ಲಿ ಎದ್ದು ಎದೆಯುಬ್ಬಿಸಿದರು. ಅರಮನೆಯ ಮಠದಲ್ಲಿ ತಮ್ಮ ಹುಡುಗರು ವಿಭಕ್ತಿಗಳನ್ನೆಲ್ಲ ಉಸಿರು ಬಿಡದೆ ಒಪ್ಪಿಸುತ್ತಾರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ ಎಂದರು. ಐದು ಮಕ್ಕಳು ಮಾತ್ರ ಶುದ್ಧ ದಡ್ಡರು, ಅವರನ್ನು ಮಠದಿಂದ ಹೊರಗೆ ಹಾಕಬೇಕು ಎಂದರು. ಸ್ವಲ್ಪ ತಡೆದು, ಆ ಐವರಲ್ಲಿ ದೊರೆಯ ಮಗಳು ಮಲ್ಲಾಜಿಯೂ ಒಬ್ಬಳು ಎಂದು ಸೇರಿಸಿದರು.

ದೊರೆಯ ಮುಖ ಕಪ್ಪಿಟ್ಟಿತು. ಏಳು ವರ್ಷದ ಮಗಳನ್ನು ಕರೆಸಿದ. ಬಂದವಳ ಎಡಗಿವಿ ಇನ್ನೂ ಕೆಂಪಗಿತ್ತು.

ವಿಚಾರಿಸಿದಾಗ ಹೊರಬಿದ್ದದ್ದು ಇಷ್ಟೇ. ಪಂಡಿತರು ಪ್ರತ್ಯಯಗಳನ್ನು ಹೇಳಿಕೊಡುತ್ತಾ "ದ್ವಿತೀಯಾ, ಅನ್ನು" ಎಂದಿದ್ದರು. ಮಲ್ಲಾಜಿ ವಿಧೇಯಳಾಗಿ "ದ್ವಿತೀಯಾ" ಅಂದಿದ್ದಳು. ಪಂಡಿತರು ಗದರಿ ಮತ್ತೆ "ದ್ವಿತೀಯಾ, ಅನ್ನು" ಎಂದರು. ಅವಳು ಇನ್ನೂ ಗಟ್ಟಿಯಾಗಿ "ದ್ವಿತೀಯಾ" ಅಂದಳು. ಆಮೇಲೆ ಕಿವಿ ಪಂಡಿತರ ಕೈಗೆ ಹೋಯಿತು. ಆಗಿನಿಂದ ಹುಡುಗಿ ಓಲೆಗರಿ ಕಂಡರೆ ಸಾಕು, ಎಲ್ಲಾದರೂ ಅವಿತುಕೊಳ್ಳುತ್ತಿದ್ದಳು.

ಇದನ್ನು ಕೇಳಿ ಸಭೆಯಲ್ಲಿ ಒಬ್ಬ ಮಾತ್ರ ಕಿಸಕ್ಕನೆ ನಕ್ಕ. ಅವನು ಅಲ್ಲಾಳಯ್ಯ. ದೊರೆಗೆ ಕತೆ ಕಾವ್ಯ ಓದಿ ಹೇಳುವುದು ಅವನ ಕೆಲಸ; ದೊಡ್ಡವರ ಕಾಲೆಳೆಯುವುದು ಅವನ ಹವ್ಯಾಸ. ಪಂಡಿತರು ಕೆರಳಿ, ನಗುವವರೇ ಕಲಿಸಲಿ ಎಂದು ಪಟ್ಟು ಹಿಡಿದರು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಕೂತಿದ್ದ ದೊರೆಗೂ ಅದೇ ಸರಿಯೆನಿಸಿತು. ನವರಾತ್ರಿ ಮುಗಿಯುವುದರೊಳಗೆ ಐದೂ ಮಕ್ಕಳಿಗೆ ವ್ಯಾಕರಣ ಬರಬೇಕು. ಇಲ್ಲವಾದರೆ ಮಕ್ಕಳು ಮಠ ಬಿಡಬೇಕು, ಅಲ್ಲಾಳಯ್ಯ ಮೀಸೆ ಬೋಳಿಸಿಕೊಂಡು ಊರು ಬಿಡಬೇಕು ಎಂದು ಅಪ್ಪಣೆಯಾಯಿತು.

ಅಲ್ಲಾಳಯ್ಯ ಮೀಸೆ ಸವರಿಕೊಳ್ಳುತ್ತಾ ಮನೆಗೆ ಹೋದ. ಅವನಿಗೂ ಒಳಗೊಳಗೇ ಅಳುಕಿತ್ತು. ಮರುದಿನ ಮಕ್ಕಳನ್ನು ನೇರಳೆ ಮರದ ಕೆಳಗೆ ಕೂರಿಸಿಕೊಂಡು ಕತೆಯ ಓಲೆ ಬಿಚ್ಚಿದ. ಮಲ್ಲಾಜಿ ಮರದ ಹಿಂದೆ ನಿಂತಳು. ಅವನು ಕರೆಯಲಿಲ್ಲ, ವಿಭಕ್ತಿಯ ಮಾತನ್ನೂ ಎತ್ತಲಿಲ್ಲ.

"ಅಜ್ಜಿಗೆ ತುಂಬಾ ಹಸಿವಾಗಿತ್ತು. ರೊಟ್ಟಿ ಅಜ್ಜಿಯನ್ನು ಗಬಗಬನೆ ತಿಂದಿತು" ಎಂದು ಗಂಭೀರವಾಗಿ ಓದಿದ.

ಮಕ್ಕಳು ಬಿದ್ದು ಬಿದ್ದು ನಕ್ಕರು. ನಗುವುದು ಯಾಕೆ, ಓದಿದ್ದರಲ್ಲಿ ತಪ್ಪೇನಿದೆ ಎಂದು ಅವನು ಮುಖ ಸಿಂಡರಿಸಿದ. ತಪ್ಪು ತೋರಿಸಲು ಎಲ್ಲರೂ ಓಲೆಯ ಮೇಲೆ ಬಗ್ಗಿದರು. ಮರದ ಹಿಂದಿದ್ದ ತಲೆಯೂ ಮೆಲ್ಲಗೆ ಅವರ ನಡುವೆ ತೂರಿತು.

ಅಲ್ಲಿಂದ ಅದೇ ಆಟ. ಅವನು ತಪ್ಪು ಓದಬೇಕು, ಹಿಡಿದವರು ಸರಿಮಾಡಿ ಮುಂದಿನ ಸಾಲು ಓದಬೇಕು. ಬೇಟೆಗಾರ ಜಿಂಕೆಯಿಂದ ಬಾಣವನ್ನು ಹೊಡೆದ; ಸೊಸೆ ನೀರಿನಿಂದ ಬಾವಿಯನ್ನು ಸೇದಿದಳು. ಅನ್ನು, ಇಂದ, ಗೆ ಇವಕ್ಕೆಲ್ಲ ಮಕ್ಕಳು 'ಬಾಲ' ಎಂದು ಹೆಸರಿಟ್ಟರು. ಬಾಲ ಬದಲಾದರೆ ತಿನ್ನುವವರು ಯಾರು, ತಿನಿಸು ಯಾವುದು ಎಂಬುದೇ ಬದಲಾಗುತ್ತದೆ ಎಂದು ಅವರೇ ಕಂಡುಕೊಂಡರು. ಬರುಬರುತ್ತಾ ಮಲ್ಲಾಜಿ ಓಲೆ ಕಿತ್ತುಕೊಂಡು ತಾನೇ ತಪ್ಪು ಓದಿ ಅವನನ್ನು ಪರೀಕ್ಷಿಸತೊಡಗಿದಳು. ಒಂದೆರಡು ಸಲ ಅಲ್ಲಾಳಯ್ಯ ನಿಜವಾಗಿಯೂ ಸಿಕ್ಕಿಬಿದ್ದ.

ವಿಜಯದಶಮಿಯ ದಿನ ಸಭೆ ಸೇರಿತು. ಪಂಡಿತರ ಹುಡುಗರು ಕೈಕಟ್ಟಿ ನಿಂತು ಮಳೆ ಸುರಿದ ಹಾಗೆ ಒಪ್ಪಿಸಿದರು. ಸಭೆ ತಲೆದೂಗಿತು. ಅಲ್ಲಾಳಯ್ಯ ಕೈಮುಗಿದು, ಒಂದು ವಾಕ್ಯ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ ಎಂದು ಪಂಡಿತರನ್ನೇ ಕೇಳಿದ.

"ಪ್ರತ್ಯಯ ಸರಿಯಿದ್ದರೆ ವಾಕ್ಯ ಸರಿ," ಎಂದರು ಪಂಡಿತರು. "ಅರ್ಥ ಹುಡುಕುತ್ತಾ ಕೂರುವುದು ನಿನ್ನಂಥ ಕತೆಗಾರರ ಚಾಳಿ."

ದೊರೆಗೆ ಕೇಳಿಸಲಿ ಎಂದು ಅಲ್ಲಾಳಯ್ಯ ಇನ್ನೊಮ್ಮೆ ಹೇಳಿಸಿದ. ಆಮೇಲೆ ಹುಡುಗರ ಕಡೆ ತಿರುಗಿ ಒಂದು ವಾಕ್ಯ ಕೊಟ್ಟ: "ನಮ್ಮ ಪಂಡಿತರು ಕತ್ತೆಯನ್ನು ಹೊತ್ತು ಅರಮನೆಗೆ ಬಂದರು."

ಹುಡುಗರು ಕಣ್ಣು ಮುಚ್ಚಿ ಶುರುಮಾಡಿದರು. ಪಂಡಿತರು, ಪ್ರಥಮಾ. ಕತ್ತೆಯನ್ನು, ದ್ವಿತೀಯಾ. ಅರಮನೆಗೆ, ಚತುರ್ಥೀ. ವಾಕ್ಯ ಶುದ್ಧವಾಗಿದೆ.

ಸಭೆಯ ಮೂಲೆಯಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ಪಂಡಿತರ ಕೆನ್ನೆ ಕೆಂಪಾಯಿತು. ತಪ್ಪು ಎನ್ನೋಣವೆಂದರೆ ತಮ್ಮ ಮಾತೇ ಅಡ್ಡ ಬರುತ್ತದೆ. ಸರಿ ಎನ್ನೋಣವೆಂದರೆ ಕತ್ತೆ ಹೆಗಲೇರುತ್ತದೆ. ಅಷ್ಟರಲ್ಲಿ ಐದೂ ಮಕ್ಕಳು ಒಬ್ಬರನ್ನೊಬ್ಬರು ತಿವಿದು ನಕ್ಕರು, ಮಲ್ಲಾಜಿ ಎದ್ದು ನಿಂತಳು.

"ತಪ್ಪು, ಅಪ್ಪಾಜಿ. ಬಾಲ ಅದಲುಬದಲಾಗಿದೆ. ಕತ್ತೆ ಪಂಡಿತರನ್ನು ಹೊತ್ತು ಅರಮನೆಗೆ ಬಂತು."

ಈಗ ಯಾರಿಗೂ ನಗು ತಡೆಯಲಾಗಲಿಲ್ಲ. 'ಬಂದರು' ಎಂಬುದನ್ನು ಅಮ್ಮಣ್ಣಿಯವರು ತಾವಾಗಿಯೇ 'ಬಂತು' ಮಾಡಿದ್ದನ್ನೂ ಗಮನಿಸಬೇಕು ಎಂದು ಅಲ್ಲಾಳಯ್ಯ ವಿನಯದಿಂದ ತೋರಿಸಿಕೊಟ್ಟ. ತಾವು ಬಂದದ್ದು ಪಲ್ಲಕ್ಕಿಯಲ್ಲಿ ಎಂದು ಪಂಡಿತರು ಕೂಗಾಡಿದರು. ಕೊನೆಗೆ, ಈ ಹುಡುಗಿಗೆ ವಿಭಕ್ತಿಗಳ ಹೆಸರಾದರೂ ಪೂರ್ತಿ ಗೊತ್ತೇ, ಕೇಳಿ ನೋಡಿ ಎಂದು ಸವಾಲು ಹಾಕಿದರು.

ದೊರೆ ಕೇಳಿದ. ಮಲ್ಲಾಜಿ ಇಲ್ಲವೆಂದು ತಲೆಯಾಡಿಸಿದಳು. ಪಂಡಿತರು ಅಲ್ಲಾಳಯ್ಯನ ಮೀಸೆಯನ್ನೇ ನೋಡುತ್ತಾ ನಿಂತರು.

"ಹೆಸರು ತಾನೇ, ಮಹಾಪ್ರಭು? ನಾಳೆ ಬೆಳಿಗ್ಗೆ ಹೇಳಿಕೊಟ್ಟರೆ ಊಟದ ಹೊತ್ತಿಗೆ ಬರುತ್ತದೆ," ಎಂದ ಅಲ್ಲಾಳಯ್ಯ. "ಆದರೆ ಕತ್ತೆಯ ಮೇಲೆ ಯಾರು, ಕೆಳಗೆ ಯಾರು ಎಂದು ಇಷ್ಟು ವಯಸ್ಸಾದರೂ ತಿಳಿಯದವರಿಗೆ ಏನು ಹೇಳಿಕೊಡೋಣ?"

ದೊರೆ ರುಮಾಲು ಜಾರುವಷ್ಟು ನಕ್ಕ. ತಾನು ಹೊದ್ದಿದ್ದ ಶಾಲನ್ನೇ ತೆಗೆದು ಅಲ್ಲಾಳಯ್ಯನಿಗೆ ಹೊದಿಸಿದ. ಪಂಡಿತರ ಹುಡುಗರನ್ನೂ ನಾಳೆಯಿಂದ ಅವನ ಬಳಿಗೇ ಕಳಿಸುವಂತೆ ಅಪ್ಪಣೆ ಮಾಡಿ, ಪಂಡಿತರ ಗತಿಯೇನು ಎಂದು ಯೋಚಿಸುತ್ತಾ ಮಗಳ ಮುಖ ನೋಡಿದ.

"ಅವರೂ ಬರಲಿ, ಅಪ್ಪಾಜಿ," ಎಂದಳು ಮಲ್ಲಾಜಿ. "ರೊಟ್ಟಿಯ ಕತೆಯಿಂದ ಶುರುಮಾಡೋಣ. ಅದು ಸುಲಭ."