ರಾಯಭಾರಿಗಳ ಒಂದು ಹೌದು

ರಾಯಭಾರಿ ಚಿಂತಾಮಣಿ ರಾಯರು ವಿದೇಶಾಂಗ, ಭದ್ರತಾ ನೀತಿಯಲ್ಲಿ ಮೂವತ್ತು ವರ್ಷ ಪಳಗಿದವರು. ಹೌದು, ಇಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಅಡುಗೆಯ ಅಪ್ಪಣ್ಣ ಭಟ್ಟರು ಮಗಳ ಮದುವೆಗೆಂದು ರಜೆ ಕೇಳಿದಾಗಲೆಲ್ಲ, "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ಮದುವೆಗೆ ಇನ್ನು ನಾಲ್ಕೇ ದಿನ.

ಅಂದು ಮಧ್ಯಾಹ್ನ ಪರದೇಶದ ಮಂತ್ರಿಗಳು ಊಟಕ್ಕೆ ಬಂದು ಕೂತರು. ರಾಯರು ಅಡುಗೆಮನೆಗೆ ಧಾವಿಸಿದರು.

"ಭಟ್ರೇ, ಅಡುಗೆ ಆಯ್ತಾ?"

"ಪರಿಶೀಲನೆಯಲ್ಲಿದೆ ಸ್ವಾಮಿ."

"ಒಲೆಯನ್ನಾದರೂ ಹಚ್ಚಿದ್ದೀರಾ?"

"ಮಾತುಕತೆ ಸೌಹಾರ್ದದಿಂದ ನಡೆದಿದೆ."

ರಾಯರು ಬೆವರಿದರು. "ಆಗಿದೆಯೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿ."

"ನಾನೂ ಆರು ತಿಂಗಳಿಂದ ಅದನ್ನೇ ಕೇಳ್ತಿದ್ದೇನೆ," ಎಂದು ಭಟ್ಟರು ರಜೆಯ ಅರ್ಜಿ ಮುಂದಿಟ್ಟರು.

ರಾಯರು ನಿಂತಲ್ಲೇ ರುಜು ಹಾಕಿದರು. ಭಟ್ಟರು ಪಾತ್ರೆಯ ಮುಚ್ಚಳ ತೆಗೆದರು. ಬಿಸಿ ಅನ್ನ ಹಬೆಯಾಡುತ್ತಿತ್ತು.

"ಬಡಿಸಬಹುದಲ್ಲ ಸ್ವಾಮಿ?"

ರಾಯರು ಸುತ್ತ ನೋಡಿ, ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, "ಹೌದು" ಎಂದರು.